ಫುಟ್ ವಾಲ್ವ್ ತೆಗೆಯುವ ಅಧಿಕಾರ ಯಾರಿಗೆ?

ಫೆಬ್ರುವರಿ ಬಂತೆಂದರೆ ಹಾಸನದ ನಮ್ಮ ಕಚೇರಿಯಲ್ಲಿ ಫೋನ್ ಕೆಳಗಿಡಲು ಪುರುಸೊತ್ತು ಸಿಗುವುದಿಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಮೊಗ್ಗು ಬಲಿತು ನಿಂತಿರುತ್ತದೆ. ಹೂಮಳೆ ಬಿದ್ದರೆ ಸರಿ, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಹಚ್ಚಲೇಬೇಕು. ಹೂವಾಗಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಎಂದು ಮತ್ತೊಮ್ಮೆ ನೀರು ಕೊಡಬೇಕು. ಹಾಗಾಗಿ ವರ್ಷವಿಡೀ ಸುಮ್ಮನಿದ್ದವರೆಲ್ಲ ಒಟ್ಟಿಗೇ ಸ್ಪ್ರಿಂಕ್ಲರ್ ಸೆಟ್ಟಿನ ಕೊಟೇಶನ್ ಕೇಳುತ್ತಾರೆ. ನನ್ನದು ಆ ಕೊಟೇಶನ್ ತಯಾರಾಗುವ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ. ಯಾರಿಗೆ ಏನು ಕಾಣಬೇಕು, ಯಾರು ಏನನ್ನು ಬದಲಿಸಬಹುದು ಎಂಬ ಅನುಮತಿಗಳ ಲೆಕ್ಕವೂ ನನ್ನದೇ. ಎಲ್ಲ ಸರಿಯಿದ್ದಾಗ ಇಂಥದೊಂದು ಕೆಲಸ ಇದೆಯೆಂದೇ ಯಾರಿಗೂ ನೆನಪಾಗುವುದಿಲ್ಲ.

ನಾವು ಬಳಸುವುದು ಸೇಲ್ಸ್‌ಫೋರ್ಸ್ ಸಿಪಿಕ್ಯೂ, ಅಂದರೆ ಸಾಮಾನು ಆರಿಸಿ, ಬೆಲೆ ಹಾಕಿ, ಕೊಟೇಶನ್ ತಯಾರಿಸುವ ತಂತ್ರಾಂಶ. ಮೂಲದಲ್ಲಿ ಅದು ಸ್ಟೀಲ್‌ಬ್ರಿಕ್ ಎಂಬ ಕಂಪನಿಯದು. ಸೇಲ್ಸ್‌ಫೋರ್ಸ್ ಅದನ್ನು ಕೊಳ್ಳುವುದಾಗಿ 2015ರ ಕೊನೆಯಲ್ಲಿ ಪ್ರಕಟಿಸಿತು. ಒಳಗಿನ ಕೋಷ್ಟಕಗಳ ಹೆಸರಿನ ಮುಂದೆ ಇವತ್ತಿಗೂ ಎಸ್‌ಬಿಕ್ಯೂಕ್ಯೂ ಎಂಬ ಹಳೆಯ ಗುರುತು ಹಾಗೇ ಉಳಿದಿದೆ. ಸ್ಪ್ರಿಂಕ್ಲರ್ ಸೆಟ್ ಇದರಲ್ಲಿ ಒಂದು ಬಂಡಲ್, ಅಂದರೆ ಒಟ್ಟಿಗೆ ಮಾರುವ ಸಾಮಾನುಗಳ ಕಟ್ಟು. ಮೇಲೆ ಸೆಟ್ಟಿನ ಹೆಸರೊಂದು. ಕೆಳಗೆ ಪಂಪ್, ಪೈಪ್, ಕಪ್ಲರ್, ರೈಸರ್, ನಾಝಲ್ ಎಂಬ ಗುಂಪುಗಳು, ಪ್ರತಿ ಗುಂಪಿನಲ್ಲಿ ಆಯ್ಕೆಗಳು. ಪಂಪ್ ಡೀಸೆಲ್ಲಿನದೋ ಕರೆಂಟಿನದೋ, ಪೈಪ್ ಎಚ್‌ಡಿಪಿಇಯೋ ಅಲ್ಯೂಮಿನಿಯಮ್ಮೋ ಎಂಬುದನ್ನು ಕೆರೆಯಿಂದ ತೋಟದ ನೆತ್ತಿಗೆ ಎಷ್ಟು ಏರು ಇದೆಯೆಂದು ನೋಡಿ ಮಾರಾಟದವರು ಆರಿಸುತ್ತಾರೆ. ಫುಟ್ ವಾಲ್ವ್ ಒಂದನ್ನು ಮಾತ್ರ ಕಡ್ಡಾಯವೆಂದು ಗುರುತು ಹಾಕಿದ್ದೇವೆ. ಅದು ಸಕ್ಷನ್ ಪೈಪಿನ ತುದಿಯಲ್ಲಿ ನೀರಿನೊಳಗಿದ್ದು, ಪಂಪ್ ನಿಂತಾಗ ಪೈಪಿನಲ್ಲಿರುವ ನೀರು ಕೆಳಗಿಳಿಯದಂತೆ ಹಿಡಿದಿಡುತ್ತದೆ. ಅದಿಲ್ಲದಿದ್ದರೆ ಪ್ರತಿ ಸಲ ಪಂಪ್ ಹಚ್ಚುವ ಮುಂಚೆ ನೀರು ತುಂಬಿಸುತ್ತ ಕೂರಬೇಕು.

ಆ ದಿನ ಹೊತ್ತು ಏರುವ ಮೊದಲೇ ಮೂಡಿಗೆರೆ ಕಡೆಯಿಂದ ಫೋನ್ ಬಂತು. ಮಾರಾಟಕ್ಕೆ ಹೊಸದಾಗಿ ಸೇರಿದ್ದ ಹುಡುಗ. "ಮೇಡಂ, ಸೆಟ್ಟಿನ ಹೆಸರು ಬರುತ್ತಿದೆ, ಒಳಗೆ ಒಂದು ಸಾಮಾನೂ ಇಲ್ಲ. ಗೌಡರು ಎದುರಿಗೇ ಕುಳಿತಿದ್ದಾರೆ."

ಮಲೆನಾಡಿನಲ್ಲಿ ಏನು ಕೆಟ್ಟರೂ ಮೊದಲು ಬೈಗುಳ ತಿನ್ನುವುದು ನೆಟ್‌ವರ್ಕ್. ಅವನೂ ಅಂಗಳಕ್ಕೆ ಹೋಗಿ ಮೊಬೈಲ್ ಎತ್ತಿ ಹಿಡಿದು ನೋಡಿದ್ದನಂತೆ. ನನಗೆ ಮೊದಲು ಬಂದ ಅನುಮಾನ ದರಪಟ್ಟಿಯ ಮೇಲೆ. ಆ ಕೊಟೇಶನ್‌ನ ದರಪಟ್ಟಿಯಲ್ಲಿ ಯಾವುದಾದರೂ ಸಾಮಾನಿಗೆ ಬೆಲೆ ನಮೂದಾಗಿರದಿದ್ದರೆ ಅದು ಆಯ್ಕೆಯಾಗಿ ಕಾಣಿಸುವುದಿಲ್ಲ. ನೋಡಿದೆ, ಬೆಲೆಗಳೆಲ್ಲ ಇದ್ದವು. ನನ್ನ ಪರದೆಯಲ್ಲಿ ಅದೇ ಕೊಟೇಶನ್ ತೆರೆದು ಸ್ಪ್ಯಾನರ್ ಚಿಹ್ನೆ ಒತ್ತಿದರೆ ಇಡೀ ಸೆಟ್ ಬಿಚ್ಚಿಕೊಂಡಿತು. ಒಂದೇ ಕೊಟೇಶನ್ ನನಗೊಂದು ಥರ, ಅವನಿಗೊಂದು ಥರ ಕಾಣುತ್ತಿದೆ ಎಂದ ಮೇಲೆ ಸಾಮಾನಿನಲ್ಲಿ ಐಬಿಲ್ಲ, ನೋಡುವವನ ಅನುಮತಿಯಲ್ಲಿದೆ.

ಅಡ್ಮಿನ್ ಆದವರು ಬೇರೊಬ್ಬರ ಖಾತೆಯಲ್ಲಿ ಲಾಗಿನ್ ಆಗಿ ಅವರಿಗೆ ಕಾಣುವುದನ್ನೇ ನೋಡುವ ಸೌಲಭ್ಯ ಇದರಲ್ಲಿದೆ. ಹಾಗೆ ಅವನ ಖಾತೆಗೆ ಹೊಕ್ಕೆ. ಸೆಟ್ಟಿನ ಹೆಸರು, ಅದರ ಕೆಳಗೆ ಬಿಳಿ ಬಯಲು. ಅವನ ಅನುಮತಿಗಳ ಪಟ್ಟಿ ತೆಗೆದಾಗ ಗುಟ್ಟು ರಟ್ಟಾಯಿತು. ಲೈಸೆನ್ಸ್ ಇತ್ತು. ಆದರೆ ಬೆಂಗಳೂರಿನ ಮುಖ್ಯ ಕಚೇರಿಯವರು ಅವನ ಖಾತೆ ತೆರೆಯುವಾಗ ಲೆಕ್ಕಪತ್ರ ವಿಭಾಗದ ಒಬ್ಬರ ಅನುಮತಿಗಳನ್ನೇ ನಕಲು ಮಾಡಿದ್ದರು. ಲೆಕ್ಕದವರಿಗೆ ಬೇಕಾದದ್ದು ತಯಾರಾದ ಕೊಟೇಶನ್ ಮತ್ತು ಅದರ ಸಾಲುಗಳು. ಬಂಡಲ್ ಒಳಗಿನ ಆಯ್ಕೆಗಳು, ಅವುಗಳ ಗುಂಪುಗಳು, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬ ನಿಯಮಗಳು ಬೇರೆ ಬೇರೆ ಕೋಷ್ಟಕಗಳಲ್ಲಿರುತ್ತವೆ. ಅವನ್ನು ಓದುವ ಅನುಮತಿ ಲೆಕ್ಕದವರಿಗೆ ಇರಲಿಲ್ಲ, ಆದ್ದರಿಂದ ಇವನಿಗೂ ಇರಲಿಲ್ಲ.

ಮುಖ್ಯ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಸೀಸನ್ ಟೈಮು. ಅವನಿಗೆ ಸಿಪಿಕ್ಯೂ ಅಡ್ಮಿನ್ ಕೊಟ್ಟುಬಿಡಿ, ಎಲ್ಲ ಕಾಣುತ್ತದೆ" ಎಂದರು.

ಕಾಣುತ್ತದೆ ನಿಜ, ನನಗೆ ಮೈ ಉರಿಯುವುದೂ ಅಲ್ಲಿಯೇ. ಗೌಡರ ಕೊಟೇಶನ್‌ನಲ್ಲಿ ಡೀಸೆಲ್ ಪಂಪ್ ಬದಲು ಕರೆಂಟಿನದನ್ನು ಆರಿಸಿದರೆ ಬದಲಾಗುವುದು ಗೌಡರ ಕೊಟೇಶನ್ ಮಾತ್ರ. ಅಡ್ಮಿನ್ ಆದವನು ಬಂಡಲ್ಲನ್ನೇ ತಿದ್ದಬಹುದು, ಆ ತಿದ್ದುಪಡಿ ಮುಂದೆ ಎಲ್ಲ ಶಾಖೆಗಳಿಗೂ ಅನ್ವಯಿಸುತ್ತದೆ. ಹಿಂದೊಮ್ಮೆ ಇನ್ನೊಂದು ಶಾಖೆಯಲ್ಲಿ ಹಾಗೇ ಆಗಿತ್ತು. ಗಿರಾಕಿಯೊಬ್ಬರು ತಮ್ಮಲ್ಲಿ ಹಳೆಯ ಫುಟ್ ವಾಲ್ವ್ ಇದೆ, ಅದೊಂದು ಬೇಡ ಎಂದರಂತೆ. ಅಡ್ಮಿನ್ ಅನುಮತಿ ಪಡೆದಿದ್ದ ಮಾರಾಟದವರು ಕೊಟೇಶನ್‌ನಲ್ಲಿ ಅದನ್ನು ತೆಗೆಯಲು ಆಗದೆ, ಬಂಡಲ್‌ಗೇ ಹೋಗಿ 'ಕಡ್ಡಾಯ' ಎಂಬ ಗುರುತನ್ನೂ, ತಾನಾಗಿ ಆಯ್ಕೆಯಾಗುವ ಗುರುತನ್ನೂ ಅಳಿಸಿಬಿಟ್ಟರು. ಆಮೇಲೆ ಹೊರಟ ಕೊಟೇಶನ್‌ಗಳಲ್ಲಿ ಫುಟ್ ವಾಲ್ವೇ ಇರಲಿಲ್ಲ. ಸೆಟ್ ತೋಟಕ್ಕೆ ಹೋಗಿ ಇಳಿದ ಮೇಲೆ ಬೆಳೆಗಾರರ ಬಾಯಿಂದ ನಮಗೆ ಸುದ್ದಿ ತಿಳಿಯಿತು. ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆಗುವುದಿಲ್ಲ ಎಂದೆ. ಆ ಕಡೆ ನಿಟ್ಟುಸಿರು ಕೇಳಿಸಿತು. ಮಾರಾಟದವರಿಗೆಂದು ಬೇರೆಯೇ ಒಂದು ಪರ್ಮಿಷನ್ ಸೆಟ್, ಅಂದರೆ ಅನುಮತಿಗಳ ಕಟ್ಟು, ಮಾಡಲು ಕುಳಿತೆ. ಸಾಮಾನು, ಆಯ್ಕೆ, ಗುಂಪು, ನಿಯಮ, ಇವುಗಳನ್ನು ಓದಬಹುದು, ಮುಟ್ಟುವಂತಿಲ್ಲ. ಕೊಟೇಶನ್ ಮತ್ತು ಅದರ ಸಾಲುಗಳನ್ನು ಹೊಸದಾಗಿ ಮಾಡಬಹುದು, ತಿದ್ದಬಹುದು. ಅಂಗಡಿ ಹುಡುಗನಿಗೆ ಗೋದಾಮಿನ ಬಾಗಿಲು ತೆರೆದಿಟ್ಟು ಗಲ್ಲಾಪೆಟ್ಟಿಗೆಯ ಕೀಲಿ ಮಾತ್ರ ಸೊಂಟದಲ್ಲೇ ಇಟ್ಟುಕೊಂಡ ಹಾಗೆ. ಇಷ್ಟಕ್ಕೇ ಮುಗಿಯುವುದಿಲ್ಲ. ಕೋಷ್ಟಕ ಓದುವ ಅನುಮತಿಯಿದ್ದರೂ ಅದರೊಳಗಿನ ಒಂದೊಂದು ಅಂಕಣಕ್ಕೂ ಪ್ರತ್ಯೇಕ ಅನುಮತಿ ಇರುತ್ತದೆ. ಪೈಪಿನ ವ್ಯಾಸ ಬರೆಯಲೆಂದು ನಾವೇ ಸೇರಿಸಿಕೊಂಡಿದ್ದ ಅಂಕಣ ಮರೆಯಾಗಿಯೇ ಇತ್ತು, ಅದನ್ನೂ ತೆರೆದೆ. ಮತ್ತೆ ಅವನ ಖಾತೆಗೆ ಹೊಕ್ಕು ಸೆಟ್ ಬಿಚ್ಚಿ, ಪೈಪ್ ಬದಲಿಸಿ, ಫುಟ್ ವಾಲ್ವ್ ತೆಗೆಯಲು ಹೋದೆ. ಅದು ಕದಲಲಿಲ್ಲ.

ಅಷ್ಟರಲ್ಲಿ ಗೌಡರೇ ಫೋನ್ ಇಸಿದುಕೊಂಡಿದ್ದರು. "ಏನಮ್ಮಾ, ಆಕಾಶ ನೋಡುತ್ತ ಕೂರುವುದಾಗಿದ್ದರೆ ನಿಮ್ಮ ಹುಡುಗನನ್ನು ಯಾಕೆ ಕರೆಸುತ್ತಿದ್ದೆ?"

"ಒಂದು ಸಲ ಲಾಗ್ ಔಟ್ ಆಗಿ ಮತ್ತೆ ಬರಲು ಹೇಳಿ ಗೌಡರೇ, ಆಯಿತು."

ಊಟದ ಹೊತ್ತಿಗೆ ಕೊಟೇಶನ್ ಅವರ ವಾಟ್ಸಾಪ್‌ಗೆ ಹೋಯಿತು. ಸಂಜೆ ಹುಡುಗ ಮತ್ತೆ ಫೋನ್ ಮಾಡಿದ. ಗೌಡರು ಒಪ್ಪಿದ್ದಾರೆ, ಆದರೆ ಪೈಪಿನ ರೇಟಿನಲ್ಲಿ ಸ್ವಲ್ಪ ಬಿಡಬೇಕಂತೆ. "ಮೇಡಂ, ಹೇಗೂ ಅನುಮತಿಗಳ ಪುಟ ತೆರೆದೇ ಇರುತ್ತದಲ್ಲ, ಡಿಸ್ಕೌಂಟ್ ಅಂಕಣವನ್ನೂ ನನಗೆ ಬಿಟ್ಟುಕೊಟ್ಟರೆ..."

ಮ್ಯಾನೇಜರ್ ಸಾಹೇಬರ ನಂಬರ್ ಕೊಟ್ಟು ಫೋನ್ ಇಟ್ಟೆ.