ಮುಳ್ಳುಗಿಡಕ್ಕೆ ದಾರಿ ಬಿಟ್ಟ ಹೆದ್ದಾರಿ

ಐರ್ಲೆಂಡಿನ ಲಿಮರಿಕ್‌ನಿಂದ ಎನ್ನಿಸ್ ಊರಿಗೆ ಹೋಗುವಾಗ ಲಾಟೂನ್ ಎಂಬಲ್ಲಿ, ಹೆದ್ದಾರಿಯ ಪಕ್ಕ, ಬೇಲಿಯೊಳಗೆ ಹಾಥಾರ್ನ್ ಎಂಬ ಒಂದು ಮುಳ್ಳುಗಿಡವಿದೆ. ಮೇ ತಿಂಗಳಾದ್ದರಿಂದ ಬಿಳಿ ಹೂ ಬಿಟ್ಟಿತ್ತು. ಅದು ಬಿಟ್ಟರೆ ನೋಡಲು ವಿಶೇಷವೇನಿಲ್ಲ.

1999ರಲ್ಲಿ ಈ ರಸ್ತೆಗಾಗಿ ಗಿಡ ಕಡಿಯಬೇಕೆಂದಾಗ ಎಡ್ಡಿ ಲೆನಿಹಾನ್ ಎಂಬ ಕತೆಗಾರ ಅಡ್ಡ ನಿಂತ. ಮನ್‌ಸ್ಟರ್ ಸೀಮೆಯ ಫೇರಿಗಳು, ಅಂದರೆ ಜನಪದ ಕತೆಗಳ ಮಾಯಾಜನ, ಕೊನಾಕ್ಟ್ ಸೀಮೆಯ ಫೇರಿಗಳ ಮೇಲೆ ಯುದ್ಧಕ್ಕೆ ಹೊರಡುವಾಗ ಕೂಡುವ ಜಾಗವಿದು, ಕಡಿದರೆ ರಸ್ತೆಯಲ್ಲಿ ಸಾವು ತಪ್ಪಿದ್ದಲ್ಲ ಎಂದು ಪತ್ರಿಕೆಗೆ ಬರೆದ. ಎಂಜಿನಿಯರುಗಳು ಗಿಡವನ್ನು ಉಳಿಸಿಕೊಂಡೇ ರಸ್ತೆ ಮಾಡಿದರು. 2002ರಲ್ಲಿ ಯಾರೋ ಗರಗಸ ತಂದು ಕೊಂಬೆಗಳನ್ನೆಲ್ಲ ಕತ್ತರಿಸಿದರು. ಗಿಡ ಮತ್ತೆ ಚಿಗುರಿತು.

ಅಲ್ಲಿನ ಫೇರಿಗಳು ರೆಕ್ಕೆ ಹೊತ್ತ ಪುಟ್ಟ ಚೆಲುವೆಯರಲ್ಲ. ಹಸುವಿನ ಹಾಲು ಬತ್ತಿಸುವ, ತೊಟ್ಟಿಲ ಕೂಸನ್ನು ಅದಲುಬದಲು ಮಾಡುವ ಜನ. ಕತ್ತಲಾದ ಮೇಲೆ ನಮ್ಮಲ್ಲಿ ಹಾವನ್ನು ಹುಳ ಎನ್ನುವ ಹಾಗೆ, ಹಳಬರು ಇವರನ್ನು 'ಒಳ್ಳೆಯವರು' ಎಂದಷ್ಟೇ ಕರೆಯುತ್ತಿದ್ದರಂತೆ. ಹುಲ್ಲುಗಾವಲುಗಳ ನಡುವೆ ಕಾಣುವ ದುಂಡನೆಯ ಮಣ್ಣಿನ ದಿಬ್ಬಗಳು ಇವರ ಕೋಟೆಗಳು. ಪುರಾತತ್ವದವರನ್ನು ಕೇಳಿದರೆ ಸಾವಿರ ವರ್ಷಕ್ಕೂ ಹಿಂದಿನ ರೈತರ ಮನೆಯಂಗಳಗಳು ಎನ್ನುತ್ತಾರೆ. ದೇಶದಲ್ಲಿ 40,000ಕ್ಕೂ ಹೆಚ್ಚಿವೆ. ಇಷ್ಟೊಂದು ಉಳಿದದ್ದಕ್ಕೆ ಕಾನೂನಿಗಿಂತ ಹೆದರಿಕೆಯೇ ಹೆಚ್ಚು ಕಾರಣ ಅಂತ ನನ್ನ ಅನಿಸಿಕೆ. 2017ರಲ್ಲಿ ಕೆರಿ ಜಿಲ್ಲೆಯ ಸಂಸದ ಡ್ಯಾನಿ ಹೀಲಿ-ರೇ, ಒಂದು ಹೆದ್ದಾರಿ ಪದೇ ಪದೇ ತಗ್ಗುಬೀಳುವುದಕ್ಕೆ ಸುತ್ತಲಿನ ಫೇರಿ ಕೋಟೆಗಳನ್ನೇ ಹೊಣೆ ಮಾಡಿದರು. ಮಣ್ಣು ಅಗೆಯುವ ಯಂತ್ರಗಳನ್ನು ಬಾಡಿಗೆಗೆ ಕೊಡುವುದೇ ಅವರ ಕಸುಬು!

ಎನ್ನಿಸ್‌ನಲ್ಲಿ ನಾವು ಉಳಿದ ಮನೆಯ ಅಜ್ಜಿ ಇದಕ್ಕೆಲ್ಲ ನಕ್ಕುಬಿಟ್ಟರು. ಮರುಗಳಿಗೆಯಲ್ಲೇ ಅಂಗಳಕ್ಕೆ ಒಂಟಿ ಮ್ಯಾಗ್‌ಪೈ ಹಕ್ಕಿ ಬಂದು ಕೂತಿತು. ಅಜ್ಜಿ ಗಂಭೀರವಾಗಿ ಹಣೆಗೆ ಕೈಯೊಯ್ದು ಸಲಾಮು ಹೊಡೆದರು. ಒಂದಾದರೆ ದುಃಖ, ಎರಡಾದರೆ ಸಂತೋಷ. ಮೀನಿಗೆ ಹೊರಟ ದೋಣಿಯವನಿಗೆ ಕೆಂಗೂದಲ ಹೆಂಗಸು ಎದುರಾದರೆ ಮನೆಗೆ ವಾಪಸ್ಸು ಎಂದೂ ಹೇಳಿದರು. ಅವರ ಕೂದಲೂ ಒಂದು ಕಾಲಕ್ಕೆ ಕೆಂಪಗಿತ್ತಂತೆ.

ಮದುವೆಯ ವಿಷಯ ಬಂದಾಗ ಕಪಾಟಿನಿಂದ ಬಾಲಯೇಸುವಿನ ಒಂದು ಪ್ರತಿಮೆ ಇಳಿಸಿದರು. ಪ್ರಾಗ್‌ನ ಬಾಲಯೇಸು. ಮದುವೆಯ ಹಿಂದಿನ ರಾತ್ರಿ ಇದನ್ನು ಹೊರಗಿಟ್ಟರೆ ಮರುದಿನ ಮಳೆಯಿಲ್ಲ. ತಲೆ ಮುರಿದಿದ್ದರೆ ಇನ್ನೂ ಶುಭ, ಆದರೆ ತಾನಾಗಿ ಮುರಿದಿರಬೇಕು, ಬೇಕಂತ ಮುರಿದರೆ ನಡೆಯದು. ಅಜ್ಜಿಯ ಪ್ರತಿಮೆಯ ಕುತ್ತಿಗೆಗೆ ಗೋಂದು ಹಚ್ಚಿತ್ತು.

ಮೊಹರ್ ಬಂಡೆಗಳಿಗೆ ಹೋಗುವ ದಾರಿಯಲ್ಲಿ, ಲಿಸ್ಕ್ಯಾನರ್ ಹತ್ತಿರ, ಸಂತ ಬ್ರಿಜಿಡ್‌ಳ ಬಾವಿಗೂ ಇಳಿದೆವು. ಒಳಗಿನ ಇಕ್ಕಟ್ಟು ಓಣಿಯ ತುಂಬ ಫೋಟೋ, ಜಪಮಾಲೆ, ಹರಕೆಯ ಚೀಟಿಗಳು. ಇಂಥ ಬಾವಿಗಳ ಪಕ್ಕದ ಮರಗಳಿಗೆ ರೋಗಿಯ ಬಟ್ಟೆಯ ಚೂರು ಕಟ್ಟುವ ರೂಢಿಯಿದೆ. ಬಟ್ಟೆ ಕೊಳೆತ ಹಾಗೆ ಕಾಯಿಲೆಯೂ ಕರಗಬೇಕು. ಬಿಚ್ಚಿದವರಿಗೆ ಆ ಕಾಯಿಲೆ ಅಂಟುತ್ತದೆ. ಈಗಿನವರು ನೈಲಾನ್ ಕಟ್ಟಿ ಹೋಗುತ್ತಾರೆ, ಅದು ಕೊಳೆಯುವುದೂ ಇಲ್ಲ, ಬಿಚ್ಚುವ ಧೈರ್ಯ ಯಾರಿಗೂ ಇಲ್ಲ, ಕೊಂಬೆಗೆ ಮಾತ್ರ ಉರುಳು.