ಫಿಲ್ಮ್ ಕ್ಲಿಯರ್ ಇದ್ದರೆ ಬೆರೆತಿದೆ ಅಂತಲ್ಲ

ಎರಡು ಪಾಲಿಮರ್ (ಪ್ಲಾಸ್ಟಿಕ್‌ನಂಥ, ಉದ್ದ ಸರಪಳಿ ಅಣುಗಳ ವಸ್ತು) ಕಲಸಿ ತೆಳು ಫಿಲ್ಮ್ ಮಾಡುವುದು ನಮ್ಮ ಲ್ಯಾಬಿನ ದಿನದ ಕೆಲಸ. ಜಾಸ್ತಿ ಮಾಡುವುದು ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಮತ್ತು ಕೈಟೊಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಪಾಲಿಮರ್). ಪಿವಿಎ ಕರಗಲು 80–90 ಡಿಗ್ರಿ ಬಿಸಿನೀರು ಬೇಕು, ಕೈಟೊಸಾನ್‌ಗೆ ಒಂದೆರಡು ಪರ್ಸೆಂಟ್ ಅಸಿಟಿಕ್ ಆಸಿಡ್. ಎರಡನ್ನೂ ಸೇರಿಸಿ, ಗುಳ್ಳೆ ಹೋದ ಮೇಲೆ ಪೆಟ್ರಿ ಡಿಶ್‌ಗೆ ಸುರಿದು ಒಣಗಲು ಬಿಡುತ್ತೇವೆ.

ಹೊಸ ಹುಡುಗರು ಒಣಗಿದ ಫಿಲ್ಮನ್ನು ಬೆಳಕಿಗೆ ಹಿಡಿದು, "ಮೇಡಂ, ಎಷ್ಟು ಕ್ಲಿಯರ್ ಇದೆ ನೋಡಿ, ಪೂರ್ತಿ ಬೆರೆತಿದೆ" ಅನ್ನುತ್ತಾರೆ. ಅಷ್ಟಕ್ಕೇ ನಾನು ಒಪ್ಪುವುದಿಲ್ಲ. ಪಾಲಿಸ್ಟೈರೀನ್ ಮತ್ತು ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಬಿಡಿಬಿಡಿಯಾಗಿ ಸ್ವಚ್ಛ ಪಾರದರ್ಶಕ. ಕಲಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತವೆ. ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ, ಒಂದರದ್ದು 1.59, ಇನ್ನೊಂದರದ್ದು 1.49. ಹಾಗಾಗಿ ಬೆಳಕು ಚದುರಿ, ಬೆರೆತಿಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. ಎರಡರ ಸೂಚ್ಯಂಕ ಹತ್ತಿರ ಇದ್ದರೆ, ಅಥವಾ ಬೇರೆಯಾದ ತುಣುಕುಗಳು ಬೆಳಕಿನ ತರಂಗಕ್ಕಿಂತ ತುಂಬಾ ಚಿಕ್ಕದಾಗಿದ್ದರೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಸರಿ, ಡಿಎಸ್‌ಸಿ (ಬಿಸಿ ಮಾಡುತ್ತಾ ಹೋದಂತೆ ವಸ್ತು ಎಷ್ಟು ಶಾಖ ಹೀರುತ್ತದೆ ಅಂತ ಅಳೆಯುವ ಪರೀಕ್ಷೆ) ಮಾಡೋಣ ಅನ್ನುತ್ತಾರೆ. ಬೆರೆತಿದ್ದರೆ ಎರಡು ಟಿಜಿ (ಗಾಜಿನಂತೆ ಬಿರುಸಾದ ಪಾಲಿಮರ್ ಮೆತ್ತಗಾಗುವ ಉಷ್ಣತೆ) ಬದಲು ನಡುವೆ ಒಂದೇ ಟಿಜಿ ಬರಬೇಕು, ಅಲ್ವಾ? ಪಾಲಿಸ್ಟೈರೀನ್–ಪಿಪಿಒ (ಪಾಲಿಫಿನೈಲೀನ್ ಆಕ್ಸೈಡ್) ಜೋಡಿಯಲ್ಲಿ ಹಾಗೇ ಆಗುತ್ತದೆ. ಒಂದರ ಟಿಜಿ ಸುಮಾರು 100 ಡಿಗ್ರಿ, ಇನ್ನೊಂದರದ್ದು 210. ಸಮಸಮ ಬೆರೆಸಿದರೆ, ಮಿಶ್ರಣದ ಟಿಜಿ ಅಂದಾಜಿಸುವ ಫಾಕ್ಸ್ ಸಮೀಕರಣದ ಲೆಕ್ಕಕ್ಕೆ 150ರ ಆಸುಪಾಸು. ನಮ್ಮ ಜೋಡಿ ಅಷ್ಟು ಸಲೀಸಲ್ಲ. ಕೈಟೊಸಾನ್‌ನ ಟಿಜಿ ಡಿಎಸ್‌ಸಿಯಲ್ಲಿ ಕಾಣಿಸುವುದೇ ಕಷ್ಟ. ಹಾಗಾಗಿ "ಒಂದೇ ಟಿಜಿ ಬಂತು" ಅಂದರೆ, ಅದು ಬರೀ ಪಿವಿಎಯದ್ದೇ ಇರಬಹುದು. ಬರೀ ಪಿವಿಎಯದ್ದಕ್ಕಿಂತ ಅದು ಸರಿದಿದೆಯಾ ಅಂತ ನೋಡಬೇಕು. ಅದರಲ್ಲೂ ನೀರಿನ ಕಾಟ. ಫಿಲ್ಮ್ ಹೀರಿಕೊಂಡ ತೇವ ಟಿಜಿಯನ್ನು ಕೆಳಕ್ಕೆ ಎಳೆಯುತ್ತದೆ. ಮೊದಲ ಸಲ ಬಿಸಿ ಮಾಡುವಾಗ ಆ ನೀರು ಆವಿಯಾಗುವ ದೊಡ್ಡ ಗುಡ್ಡ ಟಿಜಿಯನ್ನೇ ಮುಚ್ಚಿಬಿಡುತ್ತದೆ. ಅದಕ್ಕೇ ಎರಡನೇ ಸಲದ ಗ್ರಾಫ್ ತೆಗೆದುಕೊಳ್ಳುತ್ತೇವೆ. ಆದರೆ ಮೊದಲ ಸಲದ ಬಿಸಿಗೇ ಒಳಗಿನ ರಚನೆ ಬದಲಾಗಿರಬಹುದು ಅನ್ನುವುದು ಬೇರೆ ತಲೆನೋವು.

ಎಫ್‌ಟಿಐಆರ್ (ಅಣುಗಳ ಬಂಧಗಳು ಯಾವ ಇನ್‌ಫ್ರಾರೆಡ್ ಬೆಳಕು ಹೀರುತ್ತವೆ ಅಂತ ನೋಡುವ ಪರೀಕ್ಷೆ) ಬಗ್ಗೆ ಸ್ವಲ್ಪ ಜಗಳವಾಡುತ್ತೇನೆ. ಗ್ರಾಫ್‌ನಲ್ಲಿ 3300 cm⁻¹ ಹತ್ತಿರದ ಅಗಲವಾದ ಓಎಚ್ (ಆಮ್ಲಜನಕ–ಜಲಜನಕ ಬಂಧ) ಪಟ್ಟಿ ಮೂರ್ನಾಲ್ಕು ಅಂಕಿ ಸರಿದದ್ದಕ್ಕೇ "ಹೈಡ್ರೋಜನ್ ಬಂಧ, ಹಾಗಾಗಿ ಬೆರೆತಿದೆ" ಅಂತ ಬರೆದುಬಿಡುತ್ತಾರೆ. ತೇವ ಹೆಚ್ಚುಕಮ್ಮಿ ಆದರೂ ಅದು ಸರಿಯುತ್ತದೆ! ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಹಾಯಿಸಿ ಸ್ಫಟಿಕ ರಚನೆ ನೋಡುವ ಪರೀಕ್ಷೆ) 19–20 ಡಿಗ್ರಿ ಕೋನದ ಹತ್ತಿರದ ಪಿವಿಎ ಶಿಖರ ಕುಗ್ಗಿದರೆ ಸ್ಫಟಿಕದ ಭಾಗ ಕಮ್ಮಿಯಾಗಿದೆ ಅನ್ನಬಹುದು. ಅದೊಂದನ್ನೇ ಹಿಡಿದು ಬೆರೆತಿದೆ ಅನ್ನಲಾಗದು.

ನನಗೆ ಜಾಸ್ತಿ ನಂಬಿಕೆ ಇರುವುದು ಫಿಲ್ಮಿನ ಮುರಿದ ಅಂಚಿನ ಮೇಲೆ. ಕತ್ತರಿಯಲ್ಲಿ ಕತ್ತರಿಸಿದರೆ ಮೆತ್ತನೆಯ ಫಿಲ್ಮ್ ಎಳೆದುಕೊಂಡು ಒಳಗಿನದೆಲ್ಲ ಸವರಿಹೋಗುತ್ತದೆ. ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದಿ, ಎರಡು ಚಿಮುಟದಲ್ಲಿ ಹಿಡಿದು ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಆ ಅಂಚನ್ನು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿ. ಬಿಡಿಬಿಡಿ ಉಂಡೆಗಳೋ, ಅವು ಕಿತ್ತುಬಂದ ಗುಳಿಗಳೋ ಇದ್ದರೆ ಸಾಕ್ಷಿ ಸಿಕ್ಕಂತೆ. ನ್ಯಾನೊ ಪುಡಿ ಹಾಕಿದ ಫಿಲ್ಮ್ ಆದರೆ ಉಂಡೆ ಯಾವುದು, ಪುಡಿ ಗಂಟು ಯಾವುದು ಅಂತ ಬೇರ್ಪಡಿಸಿ ನೋಡಬೇಕು.

ಈಗ ಪ್ರತಿ ಫಿಲ್ಮ್ ಕವರ್ ಮೇಲೆ ಯಾವುದು ಎಷ್ಟು ಹಾಕಿದ್ದು ಅನ್ನುವ ಅಳತೆಯ ಜೊತೆ ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಒಣಗಿಸಿದ್ದು ಅಂತಲೂ ಬರೆಸುತ್ತೇನೆ. ಓವನ್‌ನಲ್ಲಿ ಬೇಗ ಒಣಗಿದ ಫಿಲ್ಮ್‌ಗೂ ಮೇಜಿನ ಮೇಲೆ ನಿಧಾನಕ್ಕೆ ಒಣಗಿದ್ದಕ್ಕೂ ಅಳತೆ ಒಂದೇ ಇರಬಹುದು, ರಚನೆ ಒಂದೇ ಇರಬೇಕಂತಿಲ್ಲ.