ಹತ್ತು ಲಕ್ಷದ ಸ್ಕಾಲರ್‌ಶಿಪ್ಪು, ನಾಲ್ಕು ಚೀಲ ಮೆಣಸು

ನಮ್ಮ ಮನೆ ಅಟ್ಟದ ಮೇಲೆ ಕರಿಮೆಣಸಿನ ಚೀಲಗಳಿವೆ. ಕೊಡಗಿನ ಸೋಮವಾರಪೇಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಕಾಫಿ ಕುಯ್ದು, ಒಣಗಿಸಿ, ಮಾರಿ, ಕೂಲಿ ಗೊಬ್ಬರದ ಲೆಕ್ಕ ಚುಕ್ತಾ ಮಾಡುತ್ತೇವೆ, ಆದರೆ ಮೆಣಸನ್ನು ಆದಷ್ಟು ಇಟ್ಟುಕೊಳ್ಳುತ್ತೇವೆ. ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅದು ನಮ್ಮ ಎಫ್‌ಡಿ. ಮದುವೆ, ಆಸ್ಪತ್ರೆ, ಫೀಸು ಅಂತ ಬಂದಾಗ ಒಂದೊಂದೇ ಚೀಲ ಕೆಳಗಿಳಿಯುತ್ತದೆ.

ಈ ಸಲ ತಂಗಿಯ ಎಂಜಿನಿಯರಿಂಗ್ ಸೀಟಿನ ಸರದಿ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ಪಿಯುಸಿ ಮಾರ್ಕ್ಸ್ ನೋಡಿ, ನಾಲ್ಕೂ ವರ್ಷ ಟ್ಯೂಷನ್ ಫೀಸು ಪೂರ್ತಿ ಮನ್ನಾ ಅಂದರು. ವರ್ಷಕ್ಕೆ ಎರಡೂವರೆ ಲಕ್ಷ, ಒಟ್ಟು ಹತ್ತು ಲಕ್ಷದ ಸ್ಕಾಲರ್‌ಶಿಪ್ಪು! ಇನ್ನೊಂದು ಕಡೆ ಸಿಇಟಿಯಲ್ಲಿ ಮೈಸೂರಿನ ಹಳೇ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು, ಅಲ್ಲಿ ಒಂದು ರೂಪಾಯಿ ರಿಯಾಯಿತಿ ಇಲ್ಲ. ಎಸ್‌ಎನ್‌ಕ್ಯೂ ಕೋಟಾದ (ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಇಡುವ ಹೆಚ್ಚುವರಿ ಸೀಟು) ಆಸೆ ಇತ್ತು. ಅದರಲ್ಲಿ ಟ್ಯೂಷನ್ ಫೀಸು ಇರುವುದಿಲ್ಲ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು, ಆದರೆ ಇರುವುದೇ ಶೇ. 5ರಷ್ಟು ಸೀಟು. ಅವಳ ರ‍್ಯಾಂಕಿಗೆ ಬರಲಿಲ್ಲ. (ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಅವ್ವನ ಆಯ್ಕೆಯಾಗಿತ್ತು, ಮನೆಯಿಂದಲೇ ಓಡಾಡಬಹುದು ಅಂತ. ತಂಗಿ ಬೇಡ ಅಂದದ್ದೂ ಅದೇ ಕಾರಣಕ್ಕೆ.)

ಅಪ್ಪನ ಮನಸ್ಸು ಪೂರ್ತಿ ಬೆಂಗಳೂರಿನ ಕಡೆ. "ಹತ್ತು ಲಕ್ಷ ಬಿಡ್ತಾರಂತೆ ಕಣೋ, ಯಾರು ಬಿಡ್ತಾರೆ ಈ ಕಾಲದಲ್ಲಿ?"

ನನಗೆ ಮಾತ್ರ ಹೊಟ್ಟೆಯಲ್ಲಿ ಒಂಥರಾ ಆಯಿತು. 2017ರಲ್ಲಿ ನಾನೂ ಹೀಗೇ ಸ್ಕಾಲರ್‌ಶಿಪ್ ನೋಡಿಕೊಂಡು ಒಂದು ಕಾಲೇಜಿಗೆ ಸೇರಿದವನು. ಹೆಸರು ಬೇಡ. ಮೊದಲ ವರ್ಷ ರಾಜನ ಹಾಗಿದ್ದೆ. ಮೂರನೇ ಸೆಮಿಸ್ಟರಿನಲ್ಲಿ ಮ್ಯಾಥ್ಸ್ ಬ್ಯಾಕ್ ಆಯಿತು, ಅಂದರೆ ಫೇಲು, ಒಂದೇ ಒಂದು ಪೇಪರು. ಬ್ಯಾಕ್ ಇದ್ದರೆ ಮನ್ನಾ ಇಲ್ಲ ಅಂತ ಸೇರುವಾಗ ಸಹಿ ಹಾಕಿದ ಕಾಗದದಲ್ಲೇ ಇತ್ತಂತೆ, ಓದಿದವರು ಯಾರು? ಮುಂದಿನ ವರ್ಷದಿಂದ ಪೂರ್ತಿ ಫೀಸು. ಅದೂ ಎಂಥಾ ಹೊತ್ತಿನಲ್ಲಿ ಅಂದರೆ, 2018ರ ಆಗಸ್ಟ್ ಮಳೆಗೆ ಗುಡ್ಡಗಳೇ ಜಾರಿ ಇಡೀ ಕೊಡಗು ಕಂಗಾಲಾಗಿತ್ತು, ನಮ್ಮ ತೋಟದಲ್ಲಿ ಕಾಯಿ ಉದುರಿ ಅರ್ಧ ಫಸಲೂ ಕೈಗೆ ಬಂದಿರಲಿಲ್ಲ. ಅಟ್ಟದ ಮೆಣಸು ಇಳಿಯಿತು. 2016ರಲ್ಲಿ ಕೆಜಿಗೆ 700 ರೂಪಾಯಿ ಹತ್ತಿರ ಇದ್ದ ಮೆಣಸು 2019ರಲ್ಲಿ 350ರ ಆಸುಪಾಸಿಗೆ ಬಂದಿತ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈ ಸಲ ಪೆನ್ನು ಹಿಡಿದು ಕೂತೆ. ಎಷ್ಟು ಬಿಡುತ್ತಾರೆ ಅನ್ನುವುದನ್ನು ಬದಿಗಿಟ್ಟು, ನಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅಂತ ಬರೆದೆ. ಬೆಂಗಳೂರಿನಲ್ಲಿ ಟ್ಯೂಷನ್ ಸೊನ್ನೆ, ಆದರೆ 'ಇತರೆ ಶುಲ್ಕ' ಅಂತ 45 ಸಾವಿರ, ಹಾಸ್ಟೆಲ್ಲು ಊಟ 1 ಲಕ್ಷ 20 ಸಾವಿರ. ಒಟ್ಟು 1,65,000. ಮೈಸೂರಿನಲ್ಲಿ ಫೀಸು 1 ಲಕ್ಷ 10 ಸಾವಿರ, ಪಿಜಿ 90 ಸಾವಿರ. ಒಟ್ಟು ಎರಡು ಲಕ್ಷ. ವರ್ಷಕ್ಕೆ 35 ಸಾವಿರದ ವ್ಯತ್ಯಾಸ, ನಾಲ್ಕು ವರ್ಷಕ್ಕೆ 1 ಲಕ್ಷ 40 ಸಾವಿರ. ಹತ್ತು ಲಕ್ಷ ಎಲ್ಲಿ ಹೋಯಿತು? ಅದು ನಾವು ಯಾವತ್ತೂ ಕೊಡದೇ ಇದ್ದ ದುಡ್ಡು, ಅವರೇ ಪಟ್ಟಿಯಲ್ಲಿ ಬರೆದುಕೊಂಡದ್ದು, ಅವರೇ ಹೊಡೆದುಹಾಕಿದ್ದು.

ಇನ್ನೊಂದು ಗೊಂದಲ ನಮ್ಮ ಮನೆಯಲ್ಲೂ ಆಯಿತು. ರೈತರ ಮಕ್ಕಳ ಸರ್ಕಾರಿ ಸ್ಕಾಲರ್‌ಶಿಪ್ಪಾದ ರೈತ ವಿದ್ಯಾನಿಧಿಯನ್ನೂ ಅಪ್ಪ ಬೆಂಗಳೂರಿನ ಲೆಕ್ಕಕ್ಕೇ ಸೇರಿಸಿದ್ದರು. 2021ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ಅಂತ ಇಟ್ಟಿದ್ದರು. ಅದು ಸರ್ಕಾರ ಮಕ್ಕಳ ಖಾತೆಗೆ ಹಾಕುವ ದುಡ್ಡು, ಮೈಸೂರಿಗೆ ಹೋದರೂ ಬರುತ್ತದೆ. (ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ ಅಂತ ಈಗಲೇ ನೋಡಿಕೊಳ್ಳಿ, ಆಮೇಲೆ ಬ್ಯಾಂಕಿಗೆ ಅಲೆಯಬೇಡಿ.) ಕಾಲೇಜು ಕೊಡುವ ಮನ್ನಾ ಹಾಗಲ್ಲ, ಅದು ಆ ಗೇಟಿನೊಳಗೆ ಮಾತ್ರ. ಅದನ್ನು ಉಳಿಸಿಕೊಳ್ಳಲು ತಂಗಿ ಪ್ರತಿ ಸೆಮಿಸ್ಟರ್ ಹತ್ತಕ್ಕೆ 8.5 ಗ್ರೇಡ್ ಪಾಯಿಂಟ್ ತೆಗೆಯಬೇಕಿತ್ತು. ಜ್ವರ ಬಂದರೂ ಅಷ್ಟೇ, ಮನೆಯಲ್ಲಿ ಏನಾದರೂ ಅಷ್ಟೇ.

ಹಾಗಾದರೆ ಆ 1 ಲಕ್ಷ 40 ಸಾವಿರಕ್ಕೆ ಮೈಸೂರಿನಲ್ಲಿ ಏನು ಜಾಸ್ತಿ ಸಿಗುತ್ತದೆ? 'ಒಳ್ಳೇ ಹೆಸರು' ಅನ್ನುವುದು ನನಗೆ ಸಾಲದು. ಒಂದು ಮಂಗಳವಾರ ನಾನೂ ತಂಗಿಯೂ ಬಸ್ಸು ಹತ್ತಿ ಹೋದೆವು, ವಾರದ ದಿನವೇ ಹೋಗಬೇಕು, ಭಾನುವಾರ ಎಲ್ಲ ಕಾಲೇಜೂ ಚೆಂದ ಕಾಣುತ್ತದೆ. ಲ್ಯಾಬಿನಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ವಿರಾಜಪೇಟೆಯ ಹುಡುಗಿಯೊಬ್ಬಳು ಸಿಕ್ಕಳು, ಯಾವ ಮೇಷ್ಟ್ರು ಪಾಠ ಮಾಡುತ್ತಾರೆ, ಯಾರು ಪಿಪಿಟಿ ಓದುತ್ತಾರೆ ಅಂತ ಅರ್ಧ ಗಂಟೆ ಹೇಳಿದಳು. ಇಲ್ಲಿ ತಂಗಿಯ ಬ್ರ್ಯಾಂಚಿಗೆ ಎನ್‌ಬಿಎ ಮಾನ್ಯತೆ ಇತ್ತು. ಎರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳೇ, ಆದರೆ ನ್ಯಾಕ್ ಕೊಡುವುದು ಇಡೀ ಕಾಲೇಜಿಗೆ, ಎನ್‌ಬಿಎ ಕೊಡುವುದು ಒಂದೊಂದು ಕೋರ್ಸಿಗೆ, ಹಾಗಾಗಿ ಕಾಲೇಜಿನ ಬೋರ್ಡು ನೋಡಿ ಸುಮ್ನಾಗಬೇಡಿ. ಬೆಂಗಳೂರಿಗೂ ಹೋಗಿದ್ದೆವು. ಅಲ್ಲಿ ಎ.ಸಿ. ಹಾಕಿದ ಅಡ್ಮಿಷನ್ ಆಫೀಸು ತೋರಿಸಿದರು. ಲ್ಯಾಬಿನ ಬೀಗದ ಕೈ ಸಿಗಲಿಲ್ಲ. ಪ್ಲೇಸ್‌ಮೆಂಟ್ ಕೇಳಿದರೆ ಎಲ್ಲರಿಗಿಂತ ದೊಡ್ಡ ಸಂಬಳ ಸಿಕ್ಕವನ ಫೋಟೋ ತೋರಿಸಿದರು, ತರಗತಿಯ ನಡುವಿನ ಹುಡುಗನಿಗೆ ಎಷ್ಟು ಸಿಕ್ಕಿತು ಅಂದರೆ ಉತ್ತರವೇ ಇಲ್ಲ.

ವ್ಯತ್ಯಾಸ ಎಂಟು ಹತ್ತು ಲಕ್ಷವಾಗಿದ್ದರೆ ನಾನೂ ಬೇರೆ ಮಾತಾಡುತ್ತಿದ್ದೆ, ಮೂರು ಎಕರೆ ತೋಟದವರು ಹೆಸರಿನ ಹಿಂದೆ ಅಷ್ಟು ಸಾಲ ಮಾಡಬಾರದು. ಇದು ಈಗಿನ ರೇಟಿನಲ್ಲಿ ಸುಮಾರು ಇನ್ನೂರು ಕೆಜಿ ಮೆಣಸು. ನಾಲ್ಕು ಚೀಲ. ಹಾಗಂತ ಹೇಳಿದಾಗಲೇ ಅಪ್ಪನಿಗೆ ಅರ್ಥವಾಗಿದ್ದು.

ಮೈಸೂರಿನ ಸೀಟು ಒಪ್ಪಿದೆವು ಅಂತ ಸಿಇಟಿ ವೆಬ್‌ಸೈಟಿನಲ್ಲಿ 'ಚಾಯ್ಸ್ ಒಂದು' ಒತ್ತುವ ದಿನ ಕಕ್ಕಡ ತಿಂಗಳ ಜೋರು ಮಳೆ, ಮೂರು ದಿನದಿಂದ ಕರೆಂಟಿಲ್ಲ, ಟವರೂ ಇಲ್ಲ. ಸೋಮವಾರಪೇಟೆಗೆ ಹೋಗಿ ಯುಪಿಎಸ್ ಇದ್ದ ಸೈಬರಿನಲ್ಲಿ ಕೂತು ಒತ್ತಿ ಬಂದೆವು. ಮನೆಗೆ ಬರುವಷ್ಟರಲ್ಲಿ ಅಪ್ಪ ಒಂದು ಚೀಲ ಇಳಿಸಿ, ಮುಷ್ಟಿಯಲ್ಲಿ ಮೆಣಸು ಹಿಡಿದು ತೇವ ಇದೆಯಾ ಅಂತ ನೋಡುತ್ತಿದ್ದರು.

ಬೆಂಗಳೂರಿನವರು ಇನ್ನೂ ಫೋನ್ ಮಾಡುತ್ತಲೇ ಇದ್ದಾರೆ. ನಿನ್ನೆ ಲ್ಯಾಪ್‌ಟಾಪ್ ಕೂಡ ಕೊಡ್ತೀವಿ ಅಂದರು.